ಮಾರಿಕಣಿವೆ ನೀರಿನ ಮಟ್ಟ: ಸರ್ವರ್ ಡೇಟಾವನ್ನು ಚಾರ್ಟ್‌ಗೆ ತರುವುದು ಹೇಗೆ

ಮಳೆಗಾಲ ಶುರುವಾದರೆ ಹಿರಿಯೂರು ಕಡೆ ಎಲ್ಲರದೂ ಒಂದೇ ಪ್ರಶ್ನೆ: ಮಾರಿಕಣಿವೆಗೆ ನೀರು ಎಷ್ಟು ಅಡಿ ಬಂತು? ಮಾರಿಕಣಿವೆ ಅಂದರೆ ವಾಣಿವಿಲಾಸ ಸಾಗರ ಡ್ಯಾಂ, ಅದರ ಪೂರ್ಣ ಮಟ್ಟ 130 ಅಡಿ. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲೇ. ಜನ ಇಷ್ಟು ಆಸೆಯಿಂದ ನೋಡುವ ಅಂಕಿ ಚಾರ್ಟ್‌ನಲ್ಲಿ ತಪ್ಪಾಗಿ ಕಾಣಬಾರದು. ಗೆರೆ ಎಳೆಯುವುದು ಸುಲಭ, ಸರ್ವರ್‌ನಿಂದ ಬಂದದ್ದನ್ನು ಸೋಸುವುದೇ ಕೆಲಸ.

ಇಲ್ಲಿ ಬಳಸಿರುವುದು ಚಾರ್ಟ್ ಜೆಎಸ್, ವೆಬ್ ಪುಟದಲ್ಲಿ ಚಾರ್ಟ್ ಬಿಡಿಸುವ ಜಾವಾಸ್ಕ್ರಿಪ್ಟ್ ಲೈಬ್ರರಿ. ಚಾರ್ಟ್ ಮೂಡುವ ಕ್ಯಾನ್ವಾಸನ್ನು 360 ಪಿಕ್ಸೆಲ್ ಎತ್ತರದ ಡಿವ್ (ಪುಟದ ಒಂದು ಚೌಕಟ್ಟು) ಒಳಗಿಟ್ಟು, ಅಗಲ-ಎತ್ತರದ ಅನುಪಾತ ಕಾಯುವ ‘ಮೇಂಟೇನ್ ಆಸ್ಪೆಕ್ಟ್ ರೇಶಿಯೋ’ವನ್ನು ಫಾಲ್ಸ್ ಮಾಡಿ. ಇಲ್ಲದಿದ್ದರೆ ಮೊಬೈಲಿನಲ್ಲಿ ಚಾರ್ಟ್ ಚಪ್ಪಟೆಯಾಗುತ್ತದೆ.

ಡೇಟಾ ತರಲು ಬ್ರೌಸರ್‌ನಲ್ಲೇ ಇರುವ ಫೆಚ್ ಸಾಕು. ಆದರೆ ಸರ್ವರ್ 404 (ಸಿಗಲಿಲ್ಲ) ಅಥವಾ 500 (ಸರ್ವರ್‌ನಲ್ಲೇ ತೊಂದರೆ) ಕೊಟ್ಟರೂ ಫೆಚ್ ಅದನ್ನು ಎರರ್ ಎಂದು ಎಣಿಸುವುದಿಲ್ಲ. ನೆಟ್‌ವರ್ಕ್ ಕಡಿದಾಗಿನಂತೆ ಉತ್ತರವೇ ಕೈಗೆ ಸಿಗದಿದ್ದರೆ ಮಾತ್ರ ಎಣಿಸುತ್ತದೆ. ಹಾಗಾಗಿ ಜೇಸನ್ (ಡೇಟಾ ಬರುವ ಪಠ್ಯರೂಪ) ಓದುವ ಮೊದಲೇ ‘ರೆಸ್ಪಾನ್ಸ್ ಡಾಟ್ ಓಕೆ’ ನೋಡಿ. ಡೇಟಾ ಬೇರೆ ಡೊಮೇನ್‌ನಲ್ಲಿದ್ದು ಕಾರ್ಸ್ ಎರರ್ (ಬೇರೆ ಡೊಮೇನ್‌ನ ಡೇಟಾ ಓದಲು ಅನುಮತಿ ಇಲ್ಲವೆಂಬ ಬ್ರೌಸರ್ ತಡೆ) ಬಂದರೆ ನಿಮ್ಮ ಪುಟದ ಕೋಡ್ ತಿದ್ದಿ ಫಲವಿಲ್ಲ. ಅನುಮತಿಯ ಹೆಡರ್ ಆ ಸರ್ವರಿಂದಲೇ ಬರಬೇಕು, ಅಥವಾ ನಿಮ್ಮ ಸರ್ವರ್ ಅದನ್ನು ತಂದು ಕೊಡಬೇಕು.

ಹೆಚ್ಚು ಜನ ಎಡವುವುದು ಮುಂದಿನ ಹಂತದಲ್ಲಿ. ಮಟ್ಟ ಬಹಳ ಸಲ ಪಠ್ಯವಾಗಿ ಬರುತ್ತದೆ: "118.45". ಒಂದು ದಿನದ ಅಂಕಿ ಇಲ್ಲದಿದ್ದರೆ ಖಾಲಿ ಉಲ್ಲೇಖ ಚಿಹ್ನೆ ಮಾತ್ರ. ಜಾವಾಸ್ಕ್ರಿಪ್ಟ್‌ನ ‘ನಂಬರ್’ ಆ ಖಾಲಿಯನ್ನು ಸೊನ್ನೆ ಮಾಡುತ್ತದೆ, ನಲ್ (‘ಬೆಲೆ ಇಲ್ಲ’ ಎಂಬ ಗುರುತು) ಕೊಟ್ಟರೂ ಸೊನ್ನೆಯೇ. ಆಗ 118 ಅಡಿ ನೀರಿದ್ದ ಡ್ಯಾಂ ಚಾರ್ಟ್‌ನಲ್ಲಿ ಒಂದೇ ದಿನಕ್ಕೆ ಬರಿದಾಗಿ ಮರುದಿನ ತುಂಬುತ್ತದೆ. ಖಾಲಿ ಇದೆಯೇ ಎಂದು ಮೊದಲು ನೋಡಿ, ಇದ್ದರೆ ನಲ್ ಹಾಕಿ, ಉಳಿದದ್ದನ್ನು ಮಾತ್ರ ಪಠ್ಯವನ್ನು ಅಂಕಿ ಮಾಡುವ ‘ಪಾರ್ಸ್ ಫ್ಲೋಟ್’ಗೆ ಕೊಡಿ. ನಲ್ ಇದ್ದಲ್ಲಿ ಗೆರೆ ತಾನೇ ಕಡಿಯುತ್ತದೆ. ಕಡಿದ ಗೆರೆ ಚೆಂದ ಕಾಣದಿರಬಹುದು, ಆದರೆ ಅದು ಸತ್ಯ.

ದಿನಾಂಕವೂ ಹಾಗೇ ಕೈಕೊಡುತ್ತದೆ. ನಮ್ಮಲ್ಲಿ 05-09-2022 ಅಂದರೆ ಸೆಪ್ಟೆಂಬರ್ 5. ಕ್ರೋಮ್ ಅದನ್ನು ಮೇ 9 ಎಂದು ಓದುತ್ತದೆ. 13ನೇ ತಾರೀಖಿನಿಂದ ‘ಇನ್‌ವ್ಯಾಲಿಡ್ ಡೇಟ್’ ಬರುತ್ತದೆ. ತಿಂಗಳ ಮೊದಲ 12 ದಿನ ಮಾತ್ರ ತಪ್ಪು ಯಾರಿಗೂ ಗೊತ್ತಾಗದೆ ಕೂತಿರುತ್ತದೆ. ಅಡ್ಡಗೆರೆಯಲ್ಲಿ ಒಡೆದು 2022-09-05 ಎಂದು ಜೋಡಿಸಿ. ಎಕ್ಸ್ ಅಕ್ಷಕ್ಕೆ ‘ಟೈಮ್’ ಸ್ಕೇಲ್ ಕೊಡಿ, ಜೊತೆಗೆ ದಿನಾಂಕ ಓದಲು ನೆರವಾಗುವ ಡೇಟ್ ಅಡಾಪ್ಟರ್ ಎಂಬ ಪುಟ್ಟ ಲೈಬ್ರರಿ ಸೇರಿಸಿ. ಅದಿಲ್ಲದೆ ಟೈಮ್ ಸ್ಕೇಲ್ ನಡೆಯುವುದಿಲ್ಲ.

ಕೆಲವು ದಿನಗಳ ಸಾಲೇ ಬರದಿದ್ದರೆ ನಲ್ ಕೂಡ ಇರುವುದಿಲ್ಲ, ಗೆರೆ ಆ ದಿನಗಳನ್ನು ದಾಟಿ ನೇರ ಕೂಡಿಕೊಳ್ಳುತ್ತದೆ. ಎಷ್ಟು ಅಂತರದವರೆಗೆ ಗೆರೆ ಕೂಡಿಸಬಹುದು ಎಂದು ಹೇಳುವ ‘ಸ್ಪ್ಯಾನ್ ಗ್ಯಾಪ್ಸ್’ಗೆ 90000000 ಕೊಡಿ. ಲೆಕ್ಕ ಮಿಲಿಸೆಕೆಂಡಿನಲ್ಲಿ: ಒಂದು ದಿನಕ್ಕೆ 86400000, ಮೇಲೊಂದು ಗಂಟೆಯ ಸಡಿಲ. ಅದಕ್ಕಿಂತ ದೊಡ್ಡ ಅಂತರದಲ್ಲಿ ಗೆರೆ ನಿಲ್ಲುತ್ತದೆ.

ವೈ ಅಕ್ಷವನ್ನು ಸೊನ್ನೆಯಿಂದ ಶುರು ಮಾಡಬೇಡಿ, ದಿನಕ್ಕೆ ಅರ್ಧ ಅಡಿ ಏರಿದ್ದು ಕಾಣುವುದೇ ಇಲ್ಲ. ಮೇಲೆ 130ಕ್ಕೆ ಇನ್ನೊಂದು ಡೇಟಾಸೆಟ್ (ಅಂಕಿಗಳ ಇನ್ನೊಂದು ಗುಂಪು) ಆಗಿ ತುಂಡುಗೆರೆ ಎಳೆಯಿರಿ, ಕೋಡಿಗೆ ಎಷ್ಟು ಬಾಕಿ ಎಂಬುದು ನೋಟಕ್ಕೇ ಸಿಗುತ್ತದೆ. ಆ ದಿನದ ಅಂಕಿ ನೋಡಲು ಬೆರಳು ಚುಕ್ಕೆಯ ಮೇಲೇ ಬೀಳಬೇಕಿಲ್ಲದಂತೆ ಇಂಟರ್‌ಆ್ಯಕ್ಷನ್ ಮೋಡ್ ‘ಇಂಡೆಕ್ಸ್’, ‘ಇಂಟರ್‌ಸೆಕ್ಟ್’ ಫಾಲ್ಸ್ ಇರಲಿ.

ವರ್ಷ ಬದಲಿಸುವ ಬಟನ್ ಇಟ್ಟರೆ ಪ್ರತಿ ಸಲ ಹೊಸ ಚಾರ್ಟ್ ಕಟ್ಟಬೇಡಿ, ‘ಕ್ಯಾನ್ವಾಸ್ ಆಗಲೇ ಬಳಕೆಯಲ್ಲಿದೆ’ ಎಂಬ ಎರರ್ ಬರುತ್ತದೆ. ಇರುವ ಚಾರ್ಟ್‌ನ ಡೇಟಾ ಬದಲಿಸಿ ‘ಅಪ್‌ಡೇಟ್’ ಕರೆಯಿರಿ. ಕೊನೆಯ ಅಂಕಿ ಯಾವ ದಿನದ್ದು ಎಂಬುದನ್ನು ಚಾರ್ಟ್‌ನ ಕೆಳಗೆ ತಪ್ಪದೆ ಬರೆಯಿರಿ.