ಕಾರಿನ ಮೀಟರ್ ದೀಪದ ಬಣ್ಣ ಬದಲಿಸುವುದು ಹೇಗೆ: ಬಲ್ಬಿಗಿಂತ ಮೊದಲು ಫಿಲ್ಟರ್ ನೋಡಿ

ಹಸಿರು ಮೀಟರ್ ಕೆಂಪಾಗಲಿ ಎಂದು ಕೆಂಪು ಎಲ್‌ಇಡಿ ತಂದು ಹಾಕಿದರೆ, ಎಷ್ಟೋ ಸಲ ಅದು ಕೆಂಪಾಗುವ ಬದಲು ಅಂಕಿಗಳೇ ಕಾಣದಷ್ಟು ಮಂಕಾಗುತ್ತದೆ. ತಪ್ಪು ಎಲ್‌ಇಡಿಯದಲ್ಲ. ಹಳೆಯ ಕಾರುಗಳಲ್ಲಿ ಬಲ್ಬು ಕೊಡುವುದು ಹಳದಿ ಛಾಯೆಯ ಬಿಳಿ ಬೆಳಕು. ಬಣ್ಣ ಬರುವುದು ಬಲ್ಬಿಗೆ ತೊಡಿಸಿದ ರಬ್ಬರ್ ಕ್ಯಾಪಿನಿಂದ ಅಥವಾ ಡಯಲ್ ಹಾಳೆಯ ಹಿಂಬದಿಗೆ ಮುದ್ರಿಸಿದ ಪದರದಿಂದ. ಇವೇ ಫಿಲ್ಟರ್. ಫಿಲ್ಟರ್ ಬಣ್ಣವನ್ನು ಸೇರಿಸುವುದಿಲ್ಲ, ಬೇರೆ ಬಣ್ಣಗಳನ್ನು ತಡೆಯುತ್ತದೆ. ಕೆಂಪು ಎಲ್‌ಇಡಿಯ ಬೆಳಕಿನಲ್ಲಿ ಹಸಿರೇ ಇಲ್ಲ. ಹಸಿರು ಫಿಲ್ಟರ್ ಅದನ್ನು ದಾಟಲು ಬಿಡುವುದಿಲ್ಲ.

ಹಾಗಾಗಿ ಏನನ್ನೂ ಕೊಳ್ಳುವ ಮೊದಲು ಮೀಟರ್ ಬಿಚ್ಚಿ ನೋಡಬೇಕು. ಮೀಟರಿನ ಹಿಂಭಾಗದಲ್ಲಿ ತಿರುಗಿಸಿ ತೆಗೆಯುವ ಬಲ್ಬ್ ಹೋಲ್ಡರುಗಳಿದ್ದರೆ ಕೆಲಸ ಸುಲಭ. ಬೋರ್ಡಿನ ಮೇಲೆ ಬೆಸೆದ ಪುಟ್ಟ ಎಲ್‌ಇಡಿಗಳಿದ್ದರೆ ಸೋಲ್ಡರಿಂಗ್ ಕೈ ಪಳಗಿರಬೇಕು. ಇಡೀ ಮೀಟರೇ ಬಣ್ಣದ ಪರದೆಯಾಗಿದ್ದರೆ ಬಿಚ್ಚಿ ಪ್ರಯೋಜನವಿಲ್ಲ. ಬಣ್ಣ ಬದಲಿಸುವ ಆಯ್ಕೆ ಇದ್ದರೆ ಅದು ಸೆಟ್ಟಿಂಗ್ಸ್‌ನಲ್ಲೇ ಇರುತ್ತದೆ.

ಬಿಚ್ಚುವುದು

ಮೊದಲು ಇಗ್ನಿಷನ್ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ, ಎಲ್ಲ ಮುಳ್ಳುಗಳೂ ಎಲ್ಲಿ ನಿಂತಿವೆ ಎಂದು ನೇರ ಎದುರಿನಿಂದ ಫೋಟೊ ತೆಗೆಯಿರಿ. ಆಮೇಲೆ ಇಗ್ನಿಷನ್ ಆಫ್ ಮಾಡಿ ಬ್ಯಾಟರಿಯ ಮೈನಸ್ ಟರ್ಮಿನಲ್ ಬಿಚ್ಚಿ ಹದಿನೈದು ನಿಮಿಷ ಬಿಡಿ. ಸ್ಟೀರಿಂಗ್ ಚಕ್ರವನ್ನು ತೆಗೆಯಲು ಹೋಗಬೇಡಿ, ಅದರೊಳಗೆ ಏರ್‌ಬ್ಯಾಗ್ ಇದೆ. ಸ್ಟೀರಿಂಗ್ ಅನ್ನು ಪೂರ್ತಿ ಕೆಳಕ್ಕೆ ಬಾಗಿಸಿದರೆ ಸಾಮಾನ್ಯವಾಗಿ ಜಾಗ ಸಾಕಾಗುತ್ತದೆ. ಸುತ್ತಲಿನ ಪ್ಲಾಸ್ಟಿಕ್ ಚೌಕಟ್ಟನ್ನು ಪ್ಲಾಸ್ಟಿಕ್ ಮೀಟುಗೋಲಿನಿಂದಲೇ ಎಬ್ಬಿಸಿ. ಸ್ಕ್ರೂಡ್ರೈವರಿನ ಗುರುತು ಒಮ್ಮೆ ಬಿದ್ದರೆ ಹೋಗುವುದಿಲ್ಲ. ಮೀಟರಿನ ಸ್ಕ್ರೂ ಬಿಚ್ಚಿ, ಮುಂದಕ್ಕೆ ಎಳೆದು, ಲಾಕ್ ಒತ್ತಿ ಕನೆಕ್ಟರ್ ತೆಗೆಯಿರಿ. ಮೀಟರಿನ ಕನೆಕ್ಟರ್ ಬಿಚ್ಚಿರುವಾಗ ಬ್ಯಾಟರಿ ಜೋಡಿಸಿ ಇಗ್ನಿಷನ್ ಆನ್ ಮಾಡಬೇಡಿ. ಕೆಲವು ಕಾರುಗಳಲ್ಲಿ ಏರ್‌ಬ್ಯಾಗ್ ದೋಷದ ಕೋಡ್ ದಾಖಲಾಗುತ್ತದೆ.

ಬಲ್ಬ್ ಇರುವ ಮೀಟರ್

ಸಾಮಾನ್ಯವಾಗಿ ಕಾಣುವ ಅಳತೆಗಳು ಟಿ5 ಮತ್ತು ಟಿ10. ಹಳೆಯ ಬಲ್ಬು ಕೈಯಲ್ಲಿ ಹಿಡಿದೇ ಹೊಸದನ್ನು ಕೊಳ್ಳಿ. ಫಿಲಮೆಂಟ್ ಬಲ್ಬು ಸುತ್ತಲೂ ಬೆಳಕು ಚೆಲ್ಲುತ್ತದೆ, ಒಂದೇ ಚಿಪ್‌ನ ಎಲ್‌ಇಡಿ ನೇರ ಮುಂದಕ್ಕೆ ಮಾತ್ರ. ಡಯಲಿನಲ್ಲಿ ಒಂದು ಕಡೆ ಕಣ್ಣು ಕುಕ್ಕುವ ಚುಕ್ಕೆ, ಪಕ್ಕದಲ್ಲೇ ಕತ್ತಲೆ ಕಾಣುವುದು ಇದರಿಂದ. ಬದಿಗಳಿಗೂ ಬೆಳಕು ಬೀರುವ ಎಲ್‌ಇಡಿ ಆರಿಸಿ. ಚುಕ್ಕೆ ಆಗಲೂ ಉಳಿದರೆ ಎಲ್‌ಇಡಿಯ ಗುಮ್ಮಟವನ್ನು 400 ನಂಬರಿನ ಉಪ್ಪುಕಾಗದದಿಂದ ಉಜ್ಜಿ ಮಬ್ಬಾಗಿಸಿ.

ಎಲ್‌ಇಡಿಗೆ ಪ್ಲಸ್ ಮೈನಸ್ ಇದೆ. ಹತ್ತದಿದ್ದರೆ ಅದು ಸುಟ್ಟಿದೆ ಎಂದುಕೊಳ್ಳುವ ಮೊದಲು ಹೋಲ್ಡರಿನಲ್ಲಿ ತಿರುವುಮುರುವು ಹಾಕಿ ನೋಡಿ.

ಎಚ್ಚರಿಕೆ ದೀಪಗಳನ್ನು ಮುಟ್ಟಬೇಡಿ. ಆಯಿಲ್, ಬ್ರೇಕ್, ಹೈ ಬೀಮ್ ದೀಪಗಳ ಬಣ್ಣಕ್ಕೇ ಅರ್ಥವಿದೆ ಎಂಬುದು ಒಂದು ಕಾರಣ. ಇನ್ನೊಂದು ಬ್ಯಾಟರಿ ದೀಪದ್ದು: ಹಳೆಯ ಕಾರುಗಳಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಕೆಲಸ ಶುರು ಮಾಡಲು ಬೇಕಾದ ವಿದ್ಯುತ್ ಆ ಪುಟ್ಟ ಬಲ್ಬಿನ ಮೂಲಕವೇ ಹರಿಯುತ್ತದೆ. ಅಲ್ಲಿ ಎಲ್‌ಇಡಿ ಹಾಕಿದರೆ ಕರೆಂಟ್ ಸಾಲದೆ ಬ್ಯಾಟರಿ ಚಾರ್ಜ್ ಆಗದಿರಬಹುದು.

ಫಿಲ್ಟರ್

ಕ್ಯಾಪ್ ಆದರೆ ಎಳೆದು ತೆಗೆದರಾಯಿತು. ಡಯಲಿಗೆ ಮುದ್ರಿಸಿದ ಬಣ್ಣವಾದರೆ ಎರಡೇ ದಾರಿ: ಅದೇ ಬಣ್ಣದ ಎಲ್‌ಇಡಿ ಹಾಕಿ ಬೆಳಕನ್ನಷ್ಟೇ ಗಾಢವಾಗಿಸುವುದು, ಇಲ್ಲವೇ ಪದರವನ್ನು ತೆಗೆಯುವುದು. ಕಾಣದ ಮೂಲೆಯೊಂದರಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಕಡ್ಡಿಯಿಂದ ಹಿಂಬದಿಯನ್ನು ಮೆಲ್ಲಗೆ ಉಜ್ಜಿ. ಬಣ್ಣ ಬಿಟ್ಟು ಕಪ್ಪು ಉಳಿದರೆ ಮುಂದುವರಿಯಿರಿ. ಕಪ್ಪೂ ಎದ್ದು ಬಂದರೆ ಅಲ್ಲಿಗೇ ನಿಲ್ಲಿಸಿ. ಕಪ್ಪು ಹೋದ ಕಡೆಯಲ್ಲೆಲ್ಲ ಬೆಳಕು ಸೋರುತ್ತದೆ. ಅಸಿಟೋನ್ ಬೇಡವೇ ಬೇಡ, ಪಾಲಿಕಾರ್ಬೊನೇಟ್ ಹಾಳೆಯನ್ನೇ ಅದು ತಿನ್ನುತ್ತದೆ.

ಮುಳ್ಳು ತೆಗೆಯಬೇಕಾದರೆ

ಡಯಲ್ ಹಾಳೆ ಹೊರಗೆ ಬರಬೇಕಾದರೆ ಮುಳ್ಳುಗಳು ಬರಲೇಬೇಕು, ಬಹಳಷ್ಟು ಮೀಟರುಗಳು ಕೆಡುವುದೂ ಇಲ್ಲೇ. ಸಾಧ್ಯವಾದರೆ ಕೆಲಸಕ್ಕೆ ಮುಂಚೆಯೇ ಒಂದು ಸ್ಥಿರ ವೇಗದಲ್ಲಿ ಹೋಗುತ್ತ, ಜಿಪಿಎಸ್ ಎಷ್ಟು ತೋರಿಸಿದಾಗ ಮುಳ್ಳು ಎಷ್ಟು ತೋರಿಸುತ್ತದೆ ಎಂದು ಪಕ್ಕದಲ್ಲಿ ಕುಳಿತವರಿಂದ ಬರೆಸಿಟ್ಟುಕೊಳ್ಳಿ. ಡಯಲಿನ ಮೇಲೆ ದಪ್ಪ ಕಾಗದ ಇಟ್ಟು, ಎರಡು ಚಮಚಗಳನ್ನು ಮುಳ್ಳಿನ ಬುಡಕ್ಕೆ ಎದುರುಬದುರು ತೂರಿಸಿ, ಎರಡನ್ನೂ ಸಮನಾಗಿ ಮೀಟಿ ನೇರ ಮೇಲಕ್ಕೆ ಎತ್ತಿ. ಒಂದೇ ಬದಿಯಿಂದ ಎತ್ತಿದರೆ ಮುಳ್ಳು ಕೂತಿರುವ ಕಡ್ಡಿ ಬಾಗುತ್ತದೆ.

ಮರಳಿ ಕೂರಿಸುವಾಗ ಕನೆಕ್ಟರ್ ಜೋಡಿಸಿ ಮೀಟರಿಗೆ ವಿದ್ಯುತ್ ಕೊಟ್ಟು, ಮುಳ್ಳು ತಿರುಗಿಸುವ ಮೋಟರುಗಳು ತಮ್ಮ ಜಾಗಕ್ಕೆ ಬಂದ ಮೇಲೆ, ಫೋಟೊ ನೋಡಿ ಮುಳ್ಳನ್ನು ಹಗುರವಾಗಿ ಒತ್ತಿ. ಪೂರ್ತಿ ಕೆಳಗೆ ಒತ್ತಿದರೆ ಡಯಲಿಗೆ ಉಜ್ಜಿ ಅಂಟಿಕೊಳ್ಳುತ್ತದೆ. ನಂತರ ಬರೆದಿಟ್ಟ ವೇಗದೊಂದಿಗೆ ತಾಳೆ ನೋಡಿ. ಜಿಪಿಎಸ್‌ಗೆ ಸರಿಹೊಂದಿಸಬೇಡಿ, ಸ್ಪೀಡೋಮೀಟರುಗಳು ಮೊದಲಿನಿಂದಲೇ ತುಸು ಹೆಚ್ಚು ತೋರಿಸುವಂತೆ ಇರುತ್ತವೆ.

ಬೆಸೆದ ಎಲ್‌ಇಡಿಗಳು

ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್ ಬಳಸುತ್ತದೆ, ನೀಲಿ ಮತ್ತು ಬಿಳಿ ಸುಮಾರು 3.2. ಎಂಜಿನ್ ಓಡುವಾಗ ಕಾರಿನಲ್ಲಿ 14.4 ವೋಲ್ಟ್ ತನಕ ಇರುತ್ತದೆ. ಐದು ಕೆಂಪು ಎಲ್‌ಇಡಿ ಸರಣಿಯಲ್ಲಿದ್ದರೆ 10 ವೋಲ್ಟ್ ಸಾಕು. ಅದೇ ಜಾಗಕ್ಕೆ ಐದು ನೀಲಿ ಹಾಕಿದರೆ 16 ಬೇಕು, ಸರಿಯಾಗಿ ಹತ್ತುವುದೇ ಇಲ್ಲ. ಇದರ ಉಲ್ಟಾ ಲೆಕ್ಕ ನೋಡಿ: ಕರೆಂಟಿಗೆ ತಡೆ ಒಡ್ಡುವ 240 ಓಮ್ ರೆಸಿಸ್ಟರಿನ ಜೊತೆ ಮೂರು ಬಿಳಿ ಎಲ್‌ಇಡಿ ಇದ್ದಾಗ ಹರಿಯುವುದು 20 ಮಿಲಿಆಂಪ್. ಅಲ್ಲಿ ಮೂರು ಕೆಂಪು ಹಾಕಿದರೆ ರೆಸಿಸ್ಟರಿನ ಪಾಲಿಗೆ 8.4 ವೋಲ್ಟ್ ಉಳಿದು 35 ಮಿಲಿಆಂಪ್ ಹರಿಯುತ್ತದೆ, ಎಲ್‌ಇಡಿ ಬಾಳುವುದಿಲ್ಲ. ರೆಸಿಸ್ಟರ್ 470 ಓಮ್, ಕಾಲು ವ್ಯಾಟಿನದು ಆಗಬೇಕು. ಬೋರ್ಡಿನಲ್ಲಿ ಅದರ ಮೇಲೆ 471 ಎಂದು ಬರೆದಿರುತ್ತದೆ, ಅಂದರೆ 47ರ ಮುಂದೆ ಒಂದು ಸೊನ್ನೆ.

ಎಲ್‌ಇಡಿಯ ಅಳತೆ 3528 ಎಂದರೆ 3.5 ಮಿಮೀ ಉದ್ದ, 2.8 ಮಿಮೀ ಅಗಲ. ಬೇಕಾದಷ್ಟನ್ನೂ ಒಂದೇ ಲಾಟಿನಿಂದ ಕೊಳ್ಳಿ, ಇಲ್ಲದಿದ್ದರೆ ಪಕ್ಕಪಕ್ಕದ ಅಂಕಿಗಳಲ್ಲಿ ಛಾಯೆ ಬೇರೆಯಾಗುತ್ತದೆ. ತೆಗೆಯುವ ಮುನ್ನ ಪ್ರತಿಯೊಂದರ ಪ್ಲಸ್ ಮೈನಸ್ಸನ್ನು ಮಲ್ಟಿಮೀಟರಿನ ಡಯೋಡ್ ಮೋಡಿನಲ್ಲಿ ಗುರುತು ಹಾಕಿಕೊಳ್ಳಿ. ಸೋಲ್ಡರಿಂಗ್ ಐರನ್ 330 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರಲಿ, ಬೆಸುಗೆ ಸಲೀಸಾಗಿಸುವ ಫ್ಲಕ್ಸ್ ಧಾರಾಳವಾಗಿರಲಿ. ಎರಡೂ ತುದಿ ಕರಗುವ ತನಕ ಎಳೆಯಬೇಡಿ, ಎಳೆದರೆ ತಾಮ್ರದ ಪ್ಯಾಡೇ ಕಿತ್ತು ಬರುತ್ತದೆ.

ಮುಚ್ಚುವ ಮೊದಲು

ಸ್ಕ್ರೂ ಹಾಕುವ ಮುನ್ನ ಕನೆಕ್ಟರ್ ಜೋಡಿಸಿ, ಕತ್ತಲಲ್ಲಿ ಪರೀಕ್ಷಿಸಿ. ಹಗಲಲ್ಲಿ ಚೆನ್ನಾಗಿ ಕಾಣುವ ನೀಲಿ ರಾತ್ರಿ ಕಣ್ಣಿಗೆ ಚುಚ್ಚುತ್ತದೆ. ರಾತ್ರಿ ಓಡಾಟ ಜಾಸ್ತಿಯಿದ್ದರೆ ಕೆಂಪು ಅಥವಾ ಅಂಬರ್ ವಾಸಿ. ಮೀಟರ್ ಬೆಳಕನ್ನು ಹೆಚ್ಚು-ಕಡಿಮೆ ಮಾಡುವ ಡಿಮ್ಮರನ್ನೂ ತಿರುಗಿಸಿ ನೋಡಿ. ಹಳೆಯ ಕಾಲದ, ರೆಸಿಸ್ಟೆನ್ಸ್ ಬದಲಿಸುವ ಡಿಮ್ಮರಿನಲ್ಲಿ ಎಲ್‌ಇಡಿ ಅಷ್ಟಾಗಿ ಮಂಕಾಗುವುದಿಲ್ಲ. ಹಾಗಿದ್ದರೆ ಕಡಿಮೆ ಪ್ರಕಾಶದ ಎಲ್‌ಇಡಿಯನ್ನೇ ಹಾಕಿ, ಆಮೇಲೆ ಚೌಕಟ್ಟು ಮುಚ್ಚಿ.