ಸ್ಟೆಮ್ ಸೆಲ್ ತೆಗೆಸುವಾಗ ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುವುದು ಹೇಗೆ?

ಲಿಂಫೋಮಾ ಎಂಬ ಕ್ಯಾನ್ಸರ್ ಇರುವ ರೋಗಿಗೆ ಅವರದೇ ಮಜ್ಜೆ ಕಸಿ ಮಾಡುವ ಮೊದಲು ಸ್ಟೆಮ್ ಸೆಲ್, ಅಂದರೆ ರಕ್ತಕಣಗಳನ್ನು ಹುಟ್ಟಿಸುವ ಮೂಲಕೋಶ, ತೆಗೆದಿಡಬೇಕು. ಈಗ ಸೊಂಟದ ಮೂಳೆಗೆ ಸೂಜಿ ಹಾಕುವುದು ಅಪರೂಪ. ನಾಲ್ಕೈದು ದಿನ ಈ ಕೋಶಗಳನ್ನು ಮಜ್ಜೆಯಿಂದ ರಕ್ತಕ್ಕೆ ಇಳಿಸುವ ಜಿ-ಸಿಎಸ್‌ಎಫ್ ಇಂಜೆಕ್ಷನ್ ಕೊಟ್ಟು, ರಕ್ತಕ್ಕೆ ಇಳಿದ ಕೋಶಗಳನ್ನು ಯಂತ್ರದಲ್ಲಿ ಬೇರ್ಪಡಿಸುತ್ತಾರೆ. ‘ರಕ್ತ ಜಾಸ್ತಿ ಹೋಗಲ್ವಾ?’ ಎಂದು ಮನೆಯವರು ಕೇಳುತ್ತಾರೆ. ಹೆಪ್ಪುಗಟ್ಟೀತು ಎಂಬ ಯೋಚನೆ ಬರುವುದೇ ಇಲ್ಲ. ಆದರೆ ಕ್ಯಾನ್ಸರ್, ಕೀಮೋ, ಮಲಗಿಯೇ ಇರುವುದು, ಎಲ್ಲವೂ ಅದಕ್ಕೆ ದಾರಿಯೇ.

ಮೊದಲು ಡಾಕ್ಟರಿಗೆ ಹಳೆಯದನ್ನೆಲ್ಲ ಹೇಳಿ. ಹಿಂದೆ ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿತ್ತೇ? ಗರ್ಭನಿರೋಧಕ ಮಾತ್ರೆ, ಲೆನಾಲಿಡೊಮೈಡ್ ಎಂಬ ಕ್ಯಾನ್ಸರ್ ಔಷಧಿ ಅಥವಾ ರಕ್ತ ತೆಳುವಾಗಿಸುವ ಔಷಧಿ ನಡೆಯುತ್ತಿದೆಯೇ? ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ.

ಆಮೇಲೆ ಕುತ್ತಿಗೆಯ ಲೈನ್. ಯಂತ್ರಕ್ಕೆ ರಕ್ತ ಕೊಡಲು ಹಾಕುವ ಈ ದಪ್ಪ ನಳಿಕೆಯ ಸುತ್ತ ಹೆಪ್ಪು ಕೂರಬಹುದು. ದಿನಾ ಬೆಳಿಗ್ಗೆ ಎರಡೂ ಕೈ ಜೋಡಿಸಿ ನೋಡಿ. ನಿನ್ನೆ ಸಲೀಸಾಗಿ ಜಾರುತ್ತಿದ್ದ ಬಳೆ ಇವತ್ತು ಲೈನ್ ಇರುವ ಕಡೆ ಮಾತ್ರ ಬಿಗಿಯಾಗಿದೆಯೇ? ಭುಜ, ಎದೆಯ ಮೇಲೆ ಹೊಸದಾಗಿ ನರ ಎದ್ದು ಕಾಣುತ್ತಿದೆಯೇ? ಕೂಡಲೇ ತಿಳಿಸಿ. ಎಣ್ಣೆ ಹಚ್ಚಿ ನೀವುವುದಂತೂ ಬೇಡವೇ ಬೇಡ. ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋದೀತು.

ಕಾಲಿಗೆ ಟೈಲರ್ ಟೇಪು ಸಾಕು. ಮೊಣಕಾಲಿನ ಕೆಳಗೆ ಮೂಳೆಯ ಉಬ್ಬು ಕೈಗೆ ಸಿಗುತ್ತದಲ್ಲ, ಅಲ್ಲಿಂದ 10 ಸೆಂ.ಮೀ. ಕೆಳಗೆ ಎರಡೂ ಕಾಲು ಅಳೆಯಿರಿ. ವ್ಯತ್ಯಾಸ 3 ಸೆಂ.ಮೀ. ದಾಟಿದರೆ ಅಂದೇ ತೋರಿಸಿ. ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್ ಮಾಡುತ್ತಾರೆ. ಅಳತೆ ಸರಿಯಿದ್ದೂ ಒಂದೇ ಕಾಲು ನೋಯುತ್ತಿದ್ದರೂ ತೋರಿಸಿ.

ಯಂತ್ರದ ಮುಂದೆ ನಾಲ್ಕೈದು ಗಂಟೆ ಮಲಗಬೇಕು. ಸುಮ್ನೆ ಮಲಗದೆ ಪಾದ ಮೇಲೆ ಕೆಳಗೆ ಆಡಿಸುತ್ತಿರಿ. ತುಟಿ, ಬೆರಳು ಜುಮುಜುಮು ಅಂದರೆ ನರ್ಸ್‌ಗೆ ಹೇಳಿ. ಯಂತ್ರದೊಳಗೆ ರಕ್ತ ಗಟ್ಟಿಯಾಗದಿರಲು ಬೆರೆಸುವ ಸಿಟ್ರೇಟ್ ಕ್ಯಾಲ್ಸಿಯಂ ಇಳಿಸಿರುತ್ತದೆ.

ಹೆಪ್ಪು ಇದ್ದರೆ ಸಾಮಾನ್ಯವಾಗಿ ಹೊಟ್ಟೆಯ ಚರ್ಮಕ್ಕೆ ರಕ್ತ ತೆಳುವಾಗಿಸುವ ಹೆಪಾರಿನ್ ಚುಚ್ಚುತ್ತಾರೆ. ಚುಚ್ಚಿದ ಜಾಗ ಉಜ್ಜಬೇಡಿ. ಇಲ್ಲಿ ಎಡವಟ್ಟಾಗುವುದು ರಕ್ತಸ್ರಾವ ನಿಲ್ಲಿಸುವ ಕಣಗಳಾದ ಪ್ಲೇಟ್‌ಲೆಟ್ ವಿಷಯದಲ್ಲಿ. ಎಣಿಕೆ 50,000ಕ್ಕಿಂತ ಇಳಿದರೆ ಸಾಮಾನ್ಯವಾಗಿ ಡೋಸ್ ತಗ್ಗಿಸುತ್ತಾರೆ, 25,000ಕ್ಕಿಂತ ಇಳಿದರೆ ನಿಲ್ಲಿಸುತ್ತಾರೆ. ಸೆಲ್ ತೆಗೆದ ಮೇಲೆ ಎಣಿಕೆ ಇಳಿಯುತ್ತದೆ. ಹಾಗಾಗಿ ನಿನ್ನೆಯ ಡೋಸ್ ಇವತ್ತಿಗೆ ಸರಿಯೇ ಎಂದು ರಿಪೋರ್ಟ್ ಹಿಡಿದೇ ಕೇಳಿ.

ಇದ್ದಕ್ಕಿದ್ದಂತೆ ಏದುಸಿರು, ಎದೆನೋವು, ಕೆಮ್ಮಿದಾಗ ರಕ್ತ ಬಂದರೆ ಬೆಳಗಾಗಲಿ ಎಂದು ಕಾಯಬೇಡಿ. ತುರ್ತು ವಿಭಾಗಕ್ಕೆ ಹೋಗಿ. ‘ಲಿಂಫೋಮಾ ಇದೆ, ಕುತ್ತಿಗೆಗೆ ಲೈನ್ ಹಾಕಿದ್ದಾರೆ’ ಎಂಬುದನ್ನೇ ಮೊದಲು ಹೇಳಿ.