ಎಲ್‌ಸ್ಯಾಟ್ ಗುಂಪು ಓದು: ಕೀ ಉತ್ತರ ಕೊನೆಗಿರಲಿ

ಅಮೆರಿಕದಲ್ಲಿ ಲಾ ಸ್ಕೂಲ್ ಸೇರಲು ಹೊರಟವರಿಗೆ ಅಲ್ಲಿನ ಪ್ರವೇಶ ಪರೀಕ್ಷೆ ಎಲ್‌ಸ್ಯಾಟ್ ಅಂದರೇನೆಂದು ಹೇಳಿಕೊಡಬೇಕಾಗಿಲ್ಲ. ಆದರೆ ನಮ್ಮವರು ನಾಲ್ಕು ಜನ ಸೇರಿ ಓದಲು ಕೂತರೆ ಸಿಇಟಿ ಕಾಲದ ಅಭ್ಯಾಸಗಳೂ ಪಕ್ಕದಲ್ಲೇ ಬಂದು ಕೂರುತ್ತವೆ.

ಹಳೆ ಪುಸ್ತಕ ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳಬೇಡಿ. 2024ರ ಆಗಸ್ಟ್‌ನಿಂದ ಲಾಜಿಕ್ ಗೇಮ್ಸ್ ಎಂಬ ತರ್ಕದ ಒಗಟುಗಳ ವಿಭಾಗ ಇಲ್ಲವೇ ಇಲ್ಲ. ಈಗ ಲಾಜಿಕಲ್ ರೀಸನಿಂಗ್ (ವಾದಗಳ ವಿಶ್ಲೇಷಣೆ) ಎರಡು, ರೀಡಿಂಗ್ ಕಾಂಪ್ರಹೆನ್ಷನ್ (ಓದಿ ಅರ್ಥಮಾಡಿಕೊಳ್ಳುವುದು) ಒಂದು, ಜತೆಗೆ ಅಂಕಕ್ಕೆ ಸೇರದ ಪ್ರಾಯೋಗಿಕ ವಿಭಾಗ ಒಂದು. ತಲಾ 35 ನಿಮಿಷ. ಯಾವುದು ಪ್ರಾಯೋಗಿಕ ಎಂದು ಬರೆಯುವಾಗ ಗೊತ್ತಾಗುವುದಿಲ್ಲ, ಊಹಿಸಲೂ ಹೋಗಬೇಡಿ. ಪರೀಕ್ಷೆ ನಡೆಸುವವರದೇ ಅಭ್ಯಾಸದ ಜಾಲತಾಣ ಲಾಹಬ್‌ನಲ್ಲಿ ಹಳೆ ಪರೀಕ್ಷೆಗಳನ್ನೇ ಹೊಸ ಮಾದರಿಗೆ ಹೊಂದಿಸಿ 101ರಿಂದ ನಂಬರ್ ಕೊಟ್ಟಿದ್ದಾರೆ. ಒಬ್ಬರ ಕೈಯಲ್ಲಿ ಹಳೆ ನಂಬರು, ಇನ್ನೊಬ್ಬರ ಪರದೆಯಲ್ಲಿ ಹೊಸದು ಇದ್ದರೆ ಅರ್ಧ ಗಂಟೆ ಹುಡುಕಾಟಕ್ಕೇ ಹೋಯಿತು.

ನಮ್ಮ ಕಾನೂನು ಪ್ರವೇಶ ಪರೀಕ್ಷೆ ಕ್ಲಾಟ್ ಬರೆದು ಬಂದವರಿಗೆ ಒಂದು ಮಾತು: ಅಲ್ಲಿ ತಪ್ಪಿಗೆ 0.25 ಅಂಕ ಕಡಿತ, ಇಲ್ಲಿ ಕಡಿತವೇ ಇಲ್ಲ. ಖಾಲಿ ಬಿಡುವುದು ಶುದ್ಧ ನಷ್ಟ. ಸಾಮಾನ್ಯಜ್ಞಾನ, ಪ್ರಚಲಿತ ವಿದ್ಯಮಾನ ಯಾವುದೂ ಇಲ್ಲದ ಈ ಪರೀಕ್ಷೆಯೇ ನ್ಯಾಯವಾದದ್ದು ಅನ್ನುವವರ ಪಕ್ಷ ನಮ್ಮದು.

ಗುಂಪುಗಳು ತಿಂಗಳುಗಟ್ಟಲೆ ಕಳೆದುಕೊಳ್ಳುವುದು ಮಾತ್ರ ಬೇರೆ ಕಡೆ. ಭಾನುವಾರ ಎಲ್ಲರೂ ಸೇರುತ್ತಾರೆ, ಹೊಸ ಪ್ರೆಪ್‌ಟೆಸ್ಟ್ (ಅಧಿಕೃತ ಅಭ್ಯಾಸ ಪರೀಕ್ಷೆ) ಬರೆಯುತ್ತಾರೆ, ಕೂಡಲೇ ಕೀ ತೆರೆಯುತ್ತಾರೆ. ‘ಹದಿನೇಳಕ್ಕೆ ಬಿ ಅಂತೆ’ ಅಂದೊಡನೆ ಎಲ್ಲರಿಗೂ ಬಿ ಏಕೆ ಸರಿ ಎಂದು ಹೊಳೆಯುತ್ತದೆ. ಹೊಳೆಯದೆ ಏನು? ಉತ್ತರ ಗೊತ್ತಾದ ಮೇಲೆ ಕಾರಣ ಹೊಲಿಯುವುದು ಯಾರಿಗೂ ಬರುತ್ತದೆ. ಮುಂದಿನ ವಾರ ಅದೇ ಜಾತಿಯ ಪ್ರಶ್ನೆ, ಅದೇ ತಪ್ಪು. ಹೊಸ ಮಾದರಿಯ ಅಧಿಕೃತ ಪರೀಕ್ಷೆಗಳೇ ಐವತ್ತು ಚಿಲ್ಲರೆ. ಒಮ್ಮೆ ಉತ್ತರ ನೋಡಿದ್ದು ಮತ್ತೆ ಹೊಸದಾಗುವುದಿಲ್ಲ.

ಕ್ರಮ ಹೀಗಿರಲಿ. ಗಡಿಯಾರ ಇಟ್ಟು ಬರೆಯುವಾಗ ಅನುಮಾನ ಬಂದ ಪ್ರಶ್ನೆಗೆಲ್ಲ ಗುರುತು ಹಾಕಿ. ಆಮೇಲೆ ಒಬ್ಬೊಬ್ಬರೇ, ಕೀ ನೋಡದೆ, ಸಮಯದ ಹಂಗಿಲ್ಲದೆ ಅವನ್ನು ಮತ್ತೆ ಬಿಡಿಸಿ, ಉಳಿದ ನಾಲ್ಕು ಆಯ್ಕೆ ಏಕೆ ಅಲ್ಲ ಎಂದು ಒಂದೊಂದು ಸಾಲು ಬರೆಯಿರಿ. ಗುಂಪಿಗೆ ತರಬೇಕಾದದ್ದು ಆ ಸಾಲುಗಳು. ಒಬ್ಬರು ಬಿ, ಇನ್ನೊಬ್ಬರು ಡಿ ಅಂದರೆ ಜಗಳವಾಡಲಿ; ಅದು ಮುಗಿದ ಮೇಲೆ ಕೀ.

ಒಂದು ಮಾದರಿ: ‘ಸಿಗ್ನಲ್ ಹಾಕಿದ ಮೇಲೆ ಆ ವೃತ್ತದಲ್ಲಿ ಅಪಘಾತ ಇಳಿದಿದೆ, ಆದ್ದರಿಂದ ಸಿಗ್ನಲ್ಲೇ ಕಾರಣ.’ ಈ ವಾದಕ್ಕೆ ಇರಲೇಬೇಕಾದ ಊಹೆ ಯಾವುದು? ‘ಆ ಇಳಿಕೆಗೆ ವಾಹನ ಕಡಿಮೆಯಾದದ್ದೊಂದೇ ಕಾರಣವಲ್ಲ’ ಎಂದು ಒಬ್ಬರು, ‘ಸಿಗ್ನಲ್ ಇದ್ದಲ್ಲೆಲ್ಲ ಅಪಘಾತ ಇಳಿಯುತ್ತದೆ’ ಎಂದು ಇನ್ನೊಬ್ಬರು. ಎರಡನ್ನೂ ಸುಳ್ಳೆಂದು ತಿರುಗಿಸಿ ನೋಡಿ. ವಾಹನ ಕಡಿಮೆಯಾದದ್ದೊಂದೇ ಕಾರಣವೆಂದರೆ ವಾದ ಬಿತ್ತು. ಎಲ್ಲೋ ಒಂದು ಸಿಗ್ನಲ್ ಬಳಿ ಇಳಿಯಲಿಲ್ಲವೆಂದರೆ ಈ ವೃತ್ತದ ವಾದಕ್ಕೆ ಏನೂ ಆಗುವುದಿಲ್ಲ. ಮೊದಲನೆಯದೇ ಉತ್ತರ. ಇದನ್ನು ಎದುರಿನವರಿಗೆ ಬಾಯಿಬಿಟ್ಟು ವಿವರಿಸಲು ಬಂದರೆ ಪ್ರಶ್ನೆ ಕೈವಶವಾದಂತೆ. ಗುಂಪಿನ ಉಪಯೋಗ ಇಷ್ಟೇ. ಮೂರು-ನಾಲ್ಕು ಜನಕ್ಕಿಂತ ಹೆಚ್ಚಾದರೆ ಒಬ್ಬರು ಹೇಳುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ.

ಕನ್ನಡದಲ್ಲಿ ಯೋಚಿಸುವವರು ಎಡವುವ ಪದ ‘ಸಮ್’ (some). ನಮ್ಮ ‘ಕೆಲವು’ ಒಂದಕ್ಕಿಂತ ಹೆಚ್ಚು, ಎಲ್ಲವೂ ಅಲ್ಲ. ಎಲ್‌ಸ್ಯಾಟ್‌ನಲ್ಲಿ ಅದು ಕನಿಷ್ಠ ಒಂದು, ಎಲ್ಲವೂ ಆಗಿರಬಹುದು. ‘ಓನ್ಲಿ ಇಫ್’ಗೆ ಮಾತ್ರ ಕನ್ನಡವೇ ನೆರವು: ‘ಶುಲ್ಕ ಕಟ್ಟಿದರೆ ಮಾತ್ರ ಪ್ರವೇಶ’ ಅಂದರೆ ಕಟ್ಟಿದವರಿಗೆಲ್ಲ ಪ್ರವೇಶ ಎಂದಲ್ಲ.

ಒಂದು ಲಾಹಬ್ ಖಾತೆಯ ಪಾಸ್‌ವರ್ಡ್ ನಾಲ್ವರು ಹಂಚಿಕೊಳ್ಳುವುದು, ಪರದೆಯ ಚಿತ್ರ ತೆಗೆದು ವಾಟ್ಸಾಪ್ ಗುಂಪಿಗೆ ಹಾಕುವುದು ಬೇಡ. ಅದಕ್ಕಿಂತ ದೊಡ್ಡ ಅಪಾಯ ನಿಜವಾದ ಪರೀಕ್ಷೆಯ ಸಂಜೆಯದು. ಸಿಇಟಿ ಮುಗಿಸಿ ಗೇಟಿನ ಹೊರಗೆ ‘ಆ ಪ್ರಶ್ನೆಗೆ ಏನು ಹಾಕಿದೆ?’ ಎಂದು ಕೇಳುವುದು ನಮಗೆ ಸಹಜ. ಇಲ್ಲಿ ಪ್ರಶ್ನೆಯ ವಿಷಯ ಯಾರಿಗೂ ಹೇಳುವುದಿಲ್ಲವೆಂದು ನೀವೇ ಒಪ್ಪಿಗೆ ಕೊಟ್ಟಿರುತ್ತೀರಿ. ಅಕ್ರಮವೆಂದು ತೀರ್ಮಾನವಾದರೆ ವರದಿ ಲಾ ಸ್ಕೂಲುಗಳಿಗೆ ಹೋಗುತ್ತದೆ, ಮುಂದೆ ವಕೀಲಿಕೆಯ ಪರವಾನಗಿಗೆ ನಡತೆ ಪರಿಶೀಲಿಸುವಾಗಲೂ ಎದುರು ಬರಬಹುದು. ಆ ಸಂಜೆ ಗುಂಪು ಸೇರಲೇಬೇಕೆಂದಿದ್ದರೆ ಸೇರಿ, ಊಟ ಮಾಡಿ, ಕ್ರಿಕೆಟ್ ಮಾತಾಡಿ.